ಬೇಡವೆಂಬ ಮಾತಿಗೆ ಎಡೆಯೆಲ್ಲಿ?

ನಿರಾಕರಣೆಯನ್ನು ಸೂಚಿಸುವ ಮಾತುಗಳಿಗೆ ನಮ್ಮ ಭಾಷೆಯಲ್ಲಿ ಬಡತನವಿಲ್ಲ. ವಸ್ತುವೇ ಇರದಿದ್ದರೆ ‘ಇಲ್ಲ’ ಎನ್ನುತ್ತೇವೆ. ಇದ್ದೂ ಬೇರೆಯದಾಗಿದ್ದರೆ ‘ಅಲ್ಲ’ ಎನ್ನುತ್ತೇವೆ. ಮನಸ್ಸಿಗೆ ಒಗ್ಗದಿದ್ದರೆ ‘ಒಲ್ಲೆ’, ನ್ಯಾಯಕ್ಕೆ ಒಗ್ಗದಿದ್ದರೆ ‘ಕೂಡದು’, ಅಗತ್ಯವೇ ಇಲ್ಲದಿದ್ದರೆ ‘ಬೇಡ’. ಹಳಗನ್ನಡವಂತೂ ಇದಕ್ಕಾಗಿ ಬೇರೊಂದು ಪದದ ನೆರವನ್ನು ಬೇಡದೆ ಕ್ರಿಯಾಪದದ ಒಡಲಿನಲ್ಲೇ ನಿಷೇಧವನ್ನು ಅಡಗಿಸಿಕೊಂಡಿತ್ತು: ‘ಅರಿಯೆಂ’, ‘ಪೋಗೆಂ’, ‘ಮಾಡೆಂ’. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಪ್ರತಿಷೇಧವನ್ನು ಪ್ರತ್ಯೇಕವಾಗಿಯೇ ವಿಚಾರಿಸಿದ್ದಾನೆ. ಒಪ್ಪುವುದರಂತೆಯೇ ಒಲ್ಲೆನೆನ್ನುವುದೂ ಮನುಷ್ಯನ ಸಹಜವಾದ ಅಧಿಕಾರವೆಂಬುದನ್ನು ವ್ಯಾಕರಣ ಬಹು ಹಿಂದೆಯೇ ಕಂಡುಕೊಂಡಿತ್ತು.

ಇಷ್ಟು ಸಂಪನ್ನವಾದ ನುಡಿಯನ್ನಾಡುವ ನಾವು ಗಣಕಯಂತ್ರದ ಮುಂದೆ ಕುಳಿತಾಗ ಮಾತ್ರ ಮೂಕರಾಗುತ್ತೇವೆ. ಬರೆಯುತ್ತಿರುವ ವಾಕ್ಯ ಕ್ರಿಯಾಪದವನ್ನು ಮುಟ್ಟುವ ಮೊದಲೇ ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಕಿಟಕಿ ತೆರೆದುಕೊಳ್ಳುತ್ತದೆ. ಹೊಸ ಆವೃತ್ತಿ ಸಿದ್ಧವಾಗಿದೆಯೆಂದು ಅದು ಸಾರುತ್ತದೆ. ಕೆಳಗೆ ಎರಡು ಗುಂಡಿಗಳು: ಒಂದು ‘ಈಗಲೇ’, ಇನ್ನೊಂದು ‘ಆಮೇಲೆ ನೆನಪಿಸು’. ಮೂರನೆಯದಿಲ್ಲ. ‘ಆಮೇಲೆ’ ಎಂದು ಒತ್ತಿ ಪಾರಾದವನಿಗೆ ಮರುದಿನ ಅದೇ ಕಿಟಕಿ, ಅದೇ ಸಾಲು, ಅದೇ ಎರಡು ಗುಂಡಿಗಳು. ಬಾಗಿಲಿಗೆ ಬಂದ ಭಿಕ್ಷುಕನೂ ‘ಮುಂದೆ ಹೋಗಪ್ಪಾ’ ಎಂದರೆ ಮುಂದಿನ ಮನೆಗೆ ಹೋಗುತ್ತಾನೆ. ಊರಿನಲ್ಲಿ ಡಂಗುರ ಸಾರುತ್ತಿದ್ದವನು ತಮಟೆ ಬಾರಿಸಿ, ಹೇಳಬೇಕಾದ್ದನ್ನು ಹೇಳಿ, ಮುಂದಿನ ಬೀದಿಗೆ ನಡೆಯುತ್ತಿದ್ದನು. ಮನೆಯೊಳಗೆ ಬಂದು ನಮ್ಮ ಎಲೆಯ ಮುಂದೆ ನಿಂತು ತಮಟೆ ಬಾರಿಸುತ್ತಿರಲಿಲ್ಲ.

ಇದೊಂದು ಕ್ಷುಲ್ಲಕ ವಿಷಯವೆಂದು ನಗುವವರಿದ್ದಾರೆ. ಒಂದು ಗುಂಡಿ ಒತ್ತಿದರೆ ಮುಗಿಯುವ ಕಾಟಕ್ಕೆ ಇಷ್ಟು ವಿಚಾರವೇಕೆ ಎಂಬುದು ಅವರ ಪ್ರಶ್ನೆ. ಒಂದು ಗುಂಡಿಯಿಂದ ಅದು ಮುಗಿಯುವುದಿಲ್ಲವೆಂಬುದೇ ನನ್ನ ತಕರಾರು. ‘ಬೇಡ’ ಎಂಬ ಉತ್ತರಕ್ಕೆ ಸ್ಥಳವಿಲ್ಲದ ಪ್ರಶ್ನೆ ಪ್ರಶ್ನೆಯೇ ಅಲ್ಲ. ಅದು ವಿನಯದ ವೇಷ ತೊಟ್ಟ ಆಜ್ಞೆ. ಆ ಆಜ್ಞೆಗೆ ದಣಿದು ತಲೆಬಾಗುವುದನ್ನು ‘ಒಪ್ಪಿಗೆ’ಯೆಂದು ಕರೆಯುವುದು ಮಾತಿನ ಅಪಚಾರ.

ಇದಕ್ಕೆ ಇತಿಹಾಸದಲ್ಲೇ ದೃಷ್ಟಾಂತವುಂಟು. 2015ರ ಜುಲೈ 29ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ನ್ನು ಬಿಡುಗಡೆ ಮಾಡಿತು. ವಿಂಡೋಸ್ 7 ಮತ್ತು 8.1 ಬಳಸುತ್ತಿದ್ದವರಿಗೆ ಒಂದು ವರ್ಷದವರೆಗೆ ಅದು ಉಚಿತವೆಂದು ಸಾರಿತು. ಸಾರಿದ ರೀತಿ ಹೇಗೆ? ಸಾಮಾನ್ಯ ಅಪ್‌ಡೇಟ್‌ಗಳ ಜೊತೆಯಲ್ಲಿ ಒಂದು ಚಿಕ್ಕ ಆಹ್ವಾನದ ತಂತ್ರಾಂಶವೂ ಯಂತ್ರಗಳೊಳಗೆ ಬಂದು ಕುಳಿತು, ಪರದೆಯ ಮೂಲೆಯಿಂದ ಮತ್ತೆ ಮತ್ತೆ ಕರೆಯತೊಡಗಿತು. ಬಳಕೆದಾರನು ಕೇಳದಿದ್ದರೂ ಹೊಸ ಆವೃತ್ತಿಯ ಕಡತಗಳು, ಹಲವು ಜಿ.ಬಿ. ಗಾತ್ರದವು, ಎಷ್ಟೋ ಯಂತ್ರಗಳಿಗೆ ತಾವಾಗಿ ಇಳಿದುವು. ಜಿಯೋದಂತಹ ಅಗ್ಗದ ಅಂತರ್ಜಾಲ ನಮ್ಮ ದೇಶಕ್ಕೆ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ಡೇಟಾವನ್ನು ಅಳೆದು ಅಳೆದು ಬಳಸುತ್ತಿದ್ದ ಮನೆಗಳಲ್ಲಿ ಈ ಉಚಿತಕ್ಕೆ ತೆತ್ತ ಬೆಲೆ ಎಷ್ಟೆಂಬುದನ್ನು ಯಾರೂ ಲೆಕ್ಕವಿಡಲಿಲ್ಲ.

2016ರ ಮೇ ತಿಂಗಳಿನಲ್ಲಿ ಇದು ಪರಾಕಾಷ್ಠೆಗೆ ಮುಟ್ಟಿತು. ಕಿಟಕಿಯ ಮೇಲ್ತುದಿಯ ಕೆಂಪು ಗುಣಾಕಾರ ಚಿಹ್ನೆಯನ್ನು ಒತ್ತಿದರೆ ಕಿಟಕಿ ಮುಚ್ಚುವುದು, ಅಂದರೆ ‘ಬೇಡ’ವೆಂದಂತೆ, ಎಂಬುದು ದಶಕಗಳಿಂದ ಜನ ಕಲಿತಿದ್ದ ಸಂಕೇತ. ಆಗ ತೋರಿಸಿದ ಕಿಟಕಿಯಲ್ಲಾದರೋ ಆ ಚಿಹ್ನೆಯನ್ನು ಒತ್ತಿದರೂ ಮೊದಲೇ ಗೊತ್ತುಪಡಿಸಿದ್ದ ಮುಹೂರ್ತ ರದ್ದಾಗುತ್ತಿರಲಿಲ್ಲ. ನಿಗದಿಯಾದ ಹೊತ್ತಿಗೆ ಯಂತ್ರ ತಾನಾಗಿ ಬದಲಾಗುತ್ತಿತ್ತು. ‘ಬೇಡ’ ಎಂದವನ ಮಾತನ್ನು ‘ಆಗಲಿ’ ಎಂದು ಬರೆದುಕೊಂಡಂತಾಯಿತು. ಕ್ಯಾಲಿಫೋರ್ನಿಯಾದ ಒಬ್ಬ ಮಹಿಳೆ, ಪ್ರವಾಸ ವ್ಯವಸ್ಥೆಯ ಸಣ್ಣ ಉದ್ಯೋಗ ನಡೆಸುತ್ತಿದ್ದವರು, ತಾವು ಕೇಳದ ಈ ಬದಲಾವಣೆಯಿಂದ ಯಂತ್ರ ಕೆಟ್ಟು ಕೆಲಸ ನಿಂತಿತೆಂದು ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪರಿಹಾರ ಪಡೆದರು. ಸಂಸ್ಥೆ ಮೇಲ್ಮನವಿಯನ್ನು ಕೈಬಿಟ್ಟಿತು. ಕೊನೆಗೆ 2016ರ ಜೂನ್ ಅಂತ್ಯದಲ್ಲಿ, ಉಚಿತ ಕೊಡುಗೆಯ ಅವಧಿ ಮುಗಿಯಲು ಒಂದು ತಿಂಗಳಿರುವಾಗ, ‘ಕೊಡುಗೆಯನ್ನು ನಿರಾಕರಿಸುತ್ತೇನೆ’ ಎಂಬ ಮೂರನೆಯ ಆಯ್ಕೆ ಆ ಕಿಟಕಿಗೆ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥರೇ ತಾವು ಮಿತಿಮೀರಿದುದನ್ನು ಒಪ್ಪಿಕೊಂಡರು. ಹನ್ನೊಂದು ತಿಂಗಳ ಕಾಲ ಜಗತ್ತಿನ ಕೋಟ್ಯಂತರ ಜನರ ಬಾಯಿಂದ ಒಂದು ಪದವನ್ನು ಕಸಿದಿಟ್ಟಿದ್ದು, ಕಡೆಯ ತಿಂಗಳಿನಲ್ಲಿ ಹಿಂದಿರುಗಿಸಿದ ಕಥೆಯಿದು.

‘ಬೇಡ’ ಎನ್ನುವವನು ಸೋಮಾರಿಯೆಂದೋ ಹಳೆಯದಕ್ಕೆ ಅಂಟಿಕೊಂಡವನೆಂದೋ ತಿಳಿಯಬಾರದು. ಕನ್ನಡದ ಮುದ್ರಣ ಕೆಲಸವನ್ನೇ ನೋಡಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚು ಮಾಡಿದ ಬರಹ ಯೂನಿಕೋಡ್‌ನಲ್ಲಿಲ್ಲ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ ಕಾಣುತ್ತದೆ. ಪುಟಗಳನ್ನು ಕಟ್ಟುವ ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಇವೆರಡರ ಮೇಲೆ ವರ್ಷಗಟ್ಟಲೆಯ ಪುಸ್ತಕಗಳನ್ನೂ ಲಗ್ನಪತ್ರಿಕೆಗಳನ್ನೂ ಕೂಡಿಟ್ಟುಕೊಂಡ ಸಣ್ಣ ಮುದ್ರಣಾಲಯದವನು, ನಾಳೆಯ ಕೆಲಸ ನಿಂತೀತೆಂಬ ಭಯದಿಂದ ‘ಸದ್ಯಕ್ಕೆ ಬೇಡ’ ಎಂದರೆ ಅದು ಅಜ್ಞಾನವಲ್ಲ, ವಿವೇಕ. ಅವನ ಕಷ್ಟ ಪರದೆಯ ಕಿಟಕಿಗೆ ತಿಳಿಯದು; ತಿಳಿಯದವರು ಕೇಳಿ ತಿಳಿಯಬೇಕು, ಇಲ್ಲವೆ ಅವನ ಮಾತಿಗೆ ಬೆಲೆ ಕೊಡಬೇಕು.

ಹಾಗಾದರೆ ಅಪ್‌ಡೇಟ್‌ಗಳೆಲ್ಲವೂ ಅನಗತ್ಯವೆ? ಹಾಗೆಂದು ನಾನು ಹೇಳಿದರೆ ವಾಚಕರಿಗೆ ದ್ರೋಹ ಬಗೆದಂತಾಗುತ್ತದೆ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶ ಜಗತ್ತಿನಲ್ಲಿ ಹರಡಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಯಂತ್ರಗಳ ಕಡತಗಳಿಗೆ ಬೀಗ ಬಿದ್ದು, ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಆ ಕಳ್ಳ ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು, ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು. ಏಕೆ ಹಾಕಿಕೊಳ್ಳಲಿಲ್ಲವೆಂಬುದಕ್ಕೆ ಕಾರಣಗಳು ಹಲವು. ಅದರ ಹಿಂದಿನ ವರ್ಷವಷ್ಟೇ ಅಪ್‌ಡೇಟ್ ಎಂಬ ಹೆಸರಿನಲ್ಲಿ ಬೇಡದ್ದನ್ನು ಉಂಡವರು ಅದರ ಬಾಗಿಲನ್ನೇ ಮುಚ್ಚಿಟ್ಟಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಎಚ್ಚರಿಕೆಯೆಂಬುದರ ಬೆಲೆ ನಮ್ಮ ಹಾರಂಗಿಯ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1982ರಲ್ಲಿ ಪೂರ್ಣಗೊಂಡ ಇಲ್ಲಿಯ ಅಣೆಕಟ್ಟೆಯ ಗರಿಷ್ಠ ಮಟ್ಟ 2,859 ಅಡಿ. ಹಿಡಿಯುವ ನೀರು ಎಂಟೂವರೆ ಟಿ.ಎಂ.ಸಿ. ಮುಂಗಾರಿನಲ್ಲಿ ಒಳಹರಿವು ಹೆಚ್ಚಿ ಹೊರಗೆ ನೀರು ಬಿಡಬೇಕಾಗಿ ಬಂದಾಗ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವವರೆಗಿನ ತಗ್ಗಿನ ಜನಕ್ಕೂ, ಅದರಾಚೆಯ ನದೀತೀರದವರಿಗೂ ಮುನ್ಸೂಚನೆ ಕೊಡುತ್ತಾರೆ. ಆ ಮಾತನ್ನು ಕೇಳಿದವರು ದನಕರುಗಳನ್ನು ದಡದಿಂದ ಮೇಲಕ್ಕೆ ಹೊಡೆದುಕೊಂಡು ಬರುತ್ತಾರೆ. 2018ರ ಆಗಸ್ಟ್ ಮಳೆಯನ್ನು ಕಂಡ ಕೊಡಗಿನವರು ಅದನ್ನು ಲಘುವಾಗಿ ಭಾವಿಸಲಾರರು. ಆ ಧ್ವನಿವರ್ಧಕದಲ್ಲಿಯೇ ದಿನಕ್ಕೆ ನಾಲ್ಕು ಬಾರಿ ‘ಹೊಸ ಬಗೆಯ ಛತ್ರಿ ಬಂದಿದೆ, ಕೊಳ್ಳಿರಿ’ ಎಂದು ಕೂಗಿಸಿದರೆ ಏನಾದೀತು? ಒಂದು ವಾರದಲ್ಲಿ ಜನ ಕಿವಿ ಮುಚ್ಚಿಕೊಳ್ಳುವರು. ಎರಡನೆಯ ವಾರ ನಿಜವಾದ ನೀರು ಬರುವಾಗಲೂ ಮುಚ್ಚಿದ ಕಿವಿ ತೆರೆಯದು. ತಂತ್ರಾಂಶದ ಕಂಪನಿಗಳು ಮಾಡುತ್ತಿರುವುದು ಇದನ್ನೇ. ರಕ್ಷಣೆಯ ಸೂಚನೆಗೂ ಮಾರಾಟದ ಕೂಗಿಗೂ ಒಂದೇ ಕಿಟಕಿ, ಒಂದೇ ದನಿ. ನನ್ನ ಮುಖ್ಯ ಆಕ್ಷೇಪ ನಮಗಾಗುವ ಕಿರಿಕಿರಿಯ ಮೇಲಲ್ಲ. ಎಚ್ಚರಿಕೆಯೆಂಬ ನಂಬಿಕೆಯ ಗಂಟನ್ನು ಹೀಗೆ ಚಿಲ್ಲರೆ ಲಾಭಕ್ಕೆ ಕರಗಿಸುತ್ತಿರುವುದರ ಮೇಲೆ.

ಕಂಪನಿಗಳು ಬೇರ್ಪಡಿಸದಿದ್ದರೆ ನಾವಾದರೂ ಬೇರ್ಪಡಿಸಿಕೊಳ್ಳಬೇಕು. ಮೊದಲನೆಯ ಬಗೆ ರಕ್ಷಣೆಯ ಅಪ್‌ಡೇಟ್. ಇದನ್ನು ಅಟ್ಟಬಾರದು, ಹೊತ್ತು ಗೊತ್ತುಮಾಡಬೇಕು. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ವಿಂಡೋಸ್ ಅಪ್‌ಡೇಟ್’ ಎಂಬಲ್ಲಿ ಅಪ್‌ಡೇಟ್‌ಗಳನ್ನು ಐದು ವಾರಗಳವರೆಗೆ ತಡೆದಿಡಬಹುದು. ‘ಆ್ಯಕ್ಟಿವ್ ಅವರ್ಸ್’ ಎಂದು ದಿನದ ಹದಿನೆಂಟು ಗಂಟೆಗಳವರೆಗೆ ಗುರುತಿಸಿದರೆ ಆ ವೇಳೆಯಲ್ಲಿ ಯಂತ್ರ ತಾನಾಗಿ ಮರುಚಾಲನೆಗೊಳ್ಳದು. ಪರೀಕ್ಷೆಯ ಅಂಕಪಟ್ಟಿ ಕಳಿಸುವ ವಾರ ತಡೆದು, ರಜೆಯ ದಿನ ಬಿಡುವುದು ಸರಿಯಾದ ಕ್ರಮ.

ಎರಡನೆಯ ಬಗೆ ಸಲಹೆಯ ವೇಷದ ಜಾಹೀರಾತು. ಸೆಟ್ಟಿಂಗ್ಸ್‌ನ ‘ಸಿಸ್ಟಮ್’, ಅದರೊಳಗೆ ‘ನೋಟಿಫಿಕೇಶನ್ಸ್’ ಎಂಬ ಪುಟದ ಕೆಳತುದಿಯಲ್ಲಿ ಸಲಹೆ, ಸೂಚನೆ, ಸ್ವಾಗತಗಳನ್ನು ತೋರಿಸುವ ಗುರುತುಗಳಿವೆ; ಅವನ್ನು ತೆಗೆದುಹಾಕಿದರೆ ಅರ್ಧ ಗದ್ದಲ ಅಡಗುತ್ತದೆ. ಅದನ್ನು ಅಷ್ಟು ಕೆಳಗೆ ಬಚ್ಚಿಟ್ಟಿರುವುದರಲ್ಲೇ ಇಟ್ಟವರ ಇಂಗಿತ ತಿಳಿಯುತ್ತದೆ.

ಮೂರನೆಯದು ಪ್ರಿಂಟರ್ ಮೊದಲಾದವುಗಳೊಡನೆ ಬಂದು ಬೀಡುಬಿಟ್ಟ ಸಣ್ಣ ತಂತ್ರಾಂಶಗಳ ಕಾಟ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸ್ಟಾರ್ಟಪ್’ ಎಂಬ ಪಟ್ಟಿಯಿದೆ. ಯಂತ್ರ ಎಚ್ಚತ್ತೊಡನೆ ಏಳುವವರೆಲ್ಲರ ಹೆಸರು ಅಲ್ಲಿರುತ್ತದೆ. ಬೇಡದವನ್ನು ಅಲ್ಲಿಯೇ ಮಲಗಿಸಬಹುದು. ಬಳಕೆಯಲ್ಲೇ ಇಲ್ಲದ್ದನ್ನು ಯಂತ್ರದಿಂದಲೇ ತೆಗೆದುಹಾಕುವುದು ಇನ್ನೂ ಮೇಲು.

ನಾಲ್ಕನೆಯದು ಅಪ್‌ಡೇಟೇ ಅಲ್ಲ, ಶುದ್ಧ ಮೋಸ. ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ’, ‘ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ’ ಎಂದು ಬೆದರಿಸುವ ಕಿಟಕಿಗಳು ಈ ಜಾತಿಯವು. ಫ್ಲ್ಯಾಶ್ ಪ್ಲೇಯರನ್ನು ಅದರ ಒಡೆಯರೇ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿದರು. ಸತ್ತವನ ಹೆಸರಿನಲ್ಲಿ ಬರುವ ಪತ್ರವನ್ನು ನಂಬುವವರುಂಟೆ? ಯಾವುದೋ ತಾಣದಲ್ಲಿ ಅರಿಯದೆ ‘ಅಲೋ’ ಎಂದು ಒತ್ತಿದ್ದರಿಂದ ಬ್ರೌಸರಿನ ಮೂಲಕ ಇವು ಬರುವುದೇ ಹೆಚ್ಚು. ಕ್ರೋಮ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ ಎಂಬ ದಾರಿಯಲ್ಲಿ ಹೋಗಿ ಅಪರಿಚಿತ ತಾಣಗಳ ಹೆಸರುಗಳನ್ನು ಅಳಿಸಬೇಕು. ಕಿಟಕಿಯಲ್ಲಿ ಕಾಣುವ ದೂರವಾಣಿ ಸಂಖ್ಯೆಗೆ ಎಂದಿಗೂ ಕರೆ ಮಾಡಬಾರದು.

ಇಷ್ಟೆಲ್ಲ ಉಪಾಯ ನಮ್ಮ ಕೈಯಲ್ಲಿದ್ದರೂ ಹೊಣೆ ನಮ್ಮೊಬ್ಬರದೇ ಆಗಬಾರದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್ಸ್’, ಎಂದರೆ ಪರದೆಯ ಮೇಲೆ ಒಡ್ಡುವ ವಂಚನೆಯ ಬಲೆಗಳ, ವಿರುದ್ಧ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಅದು ಹೆಸರಿಸಿದ ಹದಿಮೂರು ಬಗೆಗಳಲ್ಲಿ ‘ನ್ಯಾಗಿಂಗ್’ ಒಂದು: ವ್ಯಾಪಾರದ ಲಾಭಕ್ಕಾಗಿ ಬಳಕೆದಾರನನ್ನು ಮತ್ತೆ ಮತ್ತೆ ಅಡ್ಡಗಟ್ಟಿ ಪೀಡಿಸುವುದು. ನಮ್ಮ ಅಜ್ಜಿಯರು ‘ಪಿರಿಪಿರಿ’ ಎನ್ನುತ್ತಿದ್ದುದಕ್ಕೆ ಕಾನೂನಿನಲ್ಲಿ ಸ್ಥಾನ ಸಿಕ್ಕಿರುವುದು ಸಂತೋಷದ ಸಂಗತಿ. ಆದರೆ ‘ಇದು ಲಾಭಕ್ಕಲ್ಲ, ನಿಮ್ಮ ರಕ್ಷಣೆಗೆ’ ಎಂದು ಜಾರಿಕೊಳ್ಳುವ ಸಂದು ಅಲ್ಲಿ ಉಳಿದಿದೆಯೆಂದು ನನ್ನ ಅಭಿಪ್ರಾಯ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೆ ಮುಂಚೆ ಪರದೆ ತುಂಬ ಬಂದ ಪ್ರಕಟಣೆಗಳಲ್ಲಿ ಅಪಾಯದ ಸೂಚನೆಯ ಜೊತೆಗೇ ಹೊಸ ಯಂತ್ರವನ್ನು ಕೊಳ್ಳುವ ಪ್ರೇರಣೆಯೂ ಬೆರೆತಿತ್ತು. ಟಿ.ಪಿ.ಎಂ. 2.0 ಎಂಬ ರಕ್ಷಣಾ ಭಾಗವಿಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಅಣ್ಣನಿಂದ ಬಂದ ಹಳೆಯ ಲ್ಯಾಪ್‌ಟಾಪಿನಲ್ಲಿ ಓದುವ ಹುಡುಗಿಗೆ ಆ ಪ್ರಕಟಣೆ ಎಚ್ಚರಿಕೆಯೋ, ಅಂಗಡಿಯ ಚೀಟಿಯೋ?

ನಾವು ಕೇಳಬೇಕಾದುದು ಮೂರು. ರಕ್ಷಣೆಯ ಸೂಚನೆ ಬೇರೆ, ಮಾರಾಟದ ಮಾತು ಬೇರೆಯಾಗಿರಲಿ. ಒಂದರ ಬಟ್ಟೆಯನ್ನು ಇನ್ನೊಂದು ಉಡದಿರಲಿ. ಸೂಚನೆ ಓದುವವನ ಭಾಷೆಯಲ್ಲಿರಲಿ. ಇಂಗ್ಲಿಷಿನ ಸಾಲು ಅರ್ಥವಾಗದೆ, ಕಾಟ ತಪ್ಪಿದರೆ ಸಾಕೆಂದು ನೀಲಿ ಗುಂಡಿಯನ್ನು ಒತ್ತಿದವನ ಒಪ್ಪಿಗೆ ಒಪ್ಪಿಗೆಯೆನಿಸದು. ಮತ್ತು ಪ್ರತಿಯೊಂದು ಕಿಟಕಿಯಲ್ಲಿಯೂ ‘ಈಗ’, ‘ಆಮೇಲೆ’ಗಳ ಪಕ್ಕದಲ್ಲಿ, ಅವುಗಳಷ್ಟೇ ದೊಡ್ಡ ಅಕ್ಷರದಲ್ಲಿ, ‘ಬೇಡ’ ಎಂದಿರಲಿ. ಅದರ ಪರಿಣಾಮವೇನೆಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ, ಹೇಳಿದವನ ಮಾತನ್ನು ಉಳಿಸಿಕೊಳ್ಳಲಿ. ‘ಬೇಡ’ ಎಂಬ ಮಾತು ನಡೆಯುವ ಕಡೆಯಲ್ಲಿ ಮಾತ್ರ ‘ಆಗಲಿ’ ಎಂಬುದಕ್ಕೆ ಅರ್ಥವಿರುತ್ತದೆ.