ಪ್ಲೂಟೊ ವಾದದಲ್ಲಿ ಮರೆತುಹೋದ 0.003

ಪ್ಲೂಟೊ ತನ್ನ ರಾಜ್ಯದ ಅಧಿಕೃತ ಗ್ರಹವೆಂದು ಅಮೆರಿಕದ ಅರಿಜೋನಾ 2024ರಲ್ಲಿ ಕಾನೂನನ್ನೇ ಮಾಡಿತು. ಕ್ಲೈಡ್ ಟೊಂಬಾ 1930ರಲ್ಲಿ ಪ್ಲೂಟೊವನ್ನು ಕಂಡುಹಿಡಿದದ್ದು ಅಲ್ಲಿನ ಫ್ಲಾಗ್‌ಸ್ಟಾಫ್‌ನಲ್ಲಿರುವ ಲೊವೆಲ್ ವೀಕ್ಷಣಾಲಯದಲ್ಲಿ, ಅಭಿಮಾನ ಸಹಜ. ಆದರೆ 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ 424 ಮಂದಿ ಮತ ಹಾಕಿ ಗ್ರಹವೊಂದರ ಪಟ್ಟ ಕಿತ್ತುಕೊಂಡರೆಂಬ ಹಳೆಯ ದೂರು ಇದರೊಂದಿಗೆ ಮತ್ತೆ ತಲೆ ಎತ್ತುತ್ತದೆ. ಪ್ರಾಗ್‌ನ ತೀರ್ಮಾನ ಸರಿಯಾಗಿಯೇ ಇತ್ತು. ದೋಷವಿದ್ದದ್ದು ಅದರ ಬರವಣಿಗೆಯಲ್ಲಿ.

ಗ್ರಹವು ತನ್ನ ಕಕ್ಷೆಯ ನೆರೆಹೊರೆಯನ್ನು ತೆರವುಗೊಳಿಸಿರಬೇಕು ಎಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರಾಗ್‌ನಲ್ಲಿ ಒಪ್ಪಿದ ವ್ಯಾಖ್ಯೆಯ ಮೂರನೇ ಷರತ್ತು ಹೇಳುತ್ತದೆ. ಎಷ್ಟು ತೆರವು? ನಿರ್ಣಯದಲ್ಲಿ ಒಂದು ಅಂಕಿಯೂ ಇಲ್ಲ. ಅಂಕಿ ಮಾತ್ರ ಅದಕ್ಕೂ ಮೊದಲೇ ಸಿದ್ಧವಿತ್ತು. ಅದನ್ನು ಕೊಟ್ಟವರು ಆ ನಿರ್ಣಯದ ಅತ್ಯಂತ ಕಟು ಟೀಕಾಕಾರ, ಪ್ಲೂಟೊಗೆ ನೌಕೆ ಕಳಿಸಿದ ನ್ಯೂ ಹೊರೈಜನ್ಸ್ ಯೋಜನೆಯ ಮುಖ್ಯಸ್ಥ ಅಲನ್ ಸ್ಟರ್ನ್; ಜೊತೆಗಿದ್ದವರು ಹೆರಾಲ್ಡ್ ಲೆವಿಸನ್. 2000ದಲ್ಲಿ ಒಕ್ಕೂಟದ ಮುಂದಿಟ್ಟ ಅವರ ಸೂತ್ರದಲ್ಲಿ ಕಾಯದ ದ್ರವ್ಯರಾಶಿಯ ವರ್ಗವನ್ನು ಪರಿಭ್ರಮಣ ಅವಧಿಯಿಂದ ಭಾಗಿಸಿ ಒಂದು ಸ್ಥಿರಾಂಕದಿಂದ ಗುಣಿಸಲಾಗುತ್ತದೆ. ಉತ್ತರ 1ಕ್ಕಿಂತ ಹೆಚ್ಚಾದರೆ, ವಿಶ್ವದ ವಯಸ್ಸಿನಷ್ಟು ಕಾಲದೊಳಗೆ ಆ ಕಾಯ ಸುತ್ತಲಿನ ಚಿಕ್ಕ ಕಾಯಗಳನ್ನು ಚದುರಿಸಬಲ್ಲದು.

ಈ ಲೆಕ್ಕದಲ್ಲಿ ಭೂಮಿಗೆ ಸಿಗುವುದು ಸುಮಾರು ಒಂದೂವರೆ ಲಕ್ಷ. ಎಂಟರಲ್ಲಿ ಎಲ್ಲಕ್ಕಿಂತ ಕೆಳಗಿರುವ ಮಂಗಳಕ್ಕೆ 940. ಆಮೇಲೆ ಬರುವುದು ಪ್ಲೂಟೊ, 0.003. ಇನ್ನೆರಡು ಕುಬ್ಜ ಗ್ರಹಗಳಲ್ಲಿ ಏರಿಸ್ ಅದಕ್ಕಿಂತ ಸ್ವಲ್ಪ ಕಡಿಮೆ, ಸೆರೆಸ್ ಇನ್ನೂ ಕಡಿಮೆ. ಮಂಗಳಕ್ಕೂ ಪ್ಲೂಟೊಗೂ ನಡುವೆ ಮೂರು ಲಕ್ಷ ಪಟ್ಟು ಅಂತರವಿದೆ, ಆ ಅಂತರದಲ್ಲಿ ಒಂದು ಕಾಯವೂ ಇಲ್ಲ. ಸ್ಟರ್ನ್ ಮತ್ತು ಲೆವಿಸನ್ ಎರಡೂ ಗುಂಪುಗಳನ್ನು ಗ್ರಹಗಳೆಂದೇ ಕರೆದರು, ನಿಜ. ಆದರೂ ಗೆರೆ ಎಲ್ಲಿ ಬೀಳುತ್ತದೆಂದು ತೋರಿಸಿದವರು ಅವರೇ. ಇಷ್ಟು ದೊಡ್ಡ ಬಿರುಕನ್ನು 424 ಮತಗಳು ಸೃಷ್ಟಿಸಲಾರವು.

ನೆಪ್ಚೂನಿನ ಕಕ್ಷೆಯನ್ನು ಪ್ಲೂಟೊ ದಾಟುತ್ತದಲ್ಲ, ಹಾಗಾದರೆ ನೆಪ್ಚೂನ್ ಕೂಡ ಗ್ರಹವಲ್ಲ ಎಂಬ ವಾದ ಜಾಣತನದ್ದೆಂದು ಕಾಣುತ್ತದೆ. ವಾಸ್ತವ ತಿರುವುಮುರುವು. ನೆಪ್ಚೂನ್ ಮೂರು ಸುತ್ತು ಮುಗಿಸುವಾಗ ಪ್ಲೂಟೊ ಸರಿಯಾಗಿ ಎರಡು ಸುತ್ತುತ್ತದೆ. ಈ ಲಯ ತಪ್ಪದಂತೆ ಹಿಡಿದಿರುವುದು ಪ್ಲೂಟೊಗಿಂತ ಏಳು ಸಾವಿರ ಪಟ್ಟಿಗೂ ಮಿಕ್ಕಿ ತೂಗುವ ನೆಪ್ಚೂನಿನ ಗುರುತ್ವ. ಎರಡೂ ಎಂದೂ ಹತ್ತಿರ ಬರುವುದಿಲ್ಲ. ಗುರುಗ್ರಹದ ಕಕ್ಷೆಯಲ್ಲೇ ಸುತ್ತುವ ಟ್ರೋಜನ್ ಕ್ಷುದ್ರಗ್ರಹಗಳ ಕಥೆಯೂ ಇಂಥದೇ: ಅವನ್ನು ಹಿಡಿದಿರುವುದು ಗುರುವಿನ ಗುರುತ್ವ.

ಪಟ್ಟಿ ಬದಲಾದದ್ದು ಇದೇ ಮೊದಲಲ್ಲ. 1801ರಲ್ಲಿ ಪಿಯಾಝಿ ಕಂಡ ಸೆರೆಸ್ ದಶಕಗಳ ಕಾಲ ಗ್ರಹಗಳ ಪಟ್ಟಿಯಲ್ಲಿತ್ತು. 1851ರ ಹೊತ್ತಿಗೆ ಅಂಥವು ಹದಿನೈದಾದವು, ಪಂಚಾಂಗಕಾರರು ಅವಕ್ಕೆ ಕ್ರಮಸಂಖ್ಯೆ ಕೊಟ್ಟು ಬೇರೆ ಸಾಲಿಗೆ ಸೇರಿಸತೊಡಗಿದರು. ಅದಕ್ಕೆ ಯಾರೂ ಮತ ಹಾಕಿರಲಿಲ್ಲ.

ಉಳಿದಿರುವುದು ಬರವಣಿಗೆಯ ದೋಷ. ‘ಸೂರ್ಯನನ್ನು ಸುತ್ತುವ’ ಎಂಬ ಪ್ರಾಗ್‌ನ ಮಾತಿನಿಂದ ಅನ್ಯ ನಕ್ಷತ್ರಗಳ ಐದು ಸಾವಿರಕ್ಕೂ ಹೆಚ್ಚು ಗ್ರಹಗಳು ವ್ಯಾಖ್ಯೆಯ ಹೊರಗಿವೆ. ದುಂಡಗಿರಬೇಕೆಂಬ ಷರತ್ತನ್ನು ದೂರದ ಕಾಯಗಳಲ್ಲಿ ಅಳೆಯುವುದೂ ಕಷ್ಟ. 2024ರಲ್ಲಿ ಜಾನ್-ಲುಕ್ ಮಾರ್ಗೊ ಮತ್ತು ಸಂಗಡಿಗರು ಮುಂದಿಟ್ಟ ಪ್ರಸ್ತಾವ ಇವೆರಡನ್ನೂ ಸರಿಪಡಿಸುತ್ತದೆ: ನಕ್ಷತ್ರವನ್ನೋ, ಕಂದು ಕುಬ್ಜವನ್ನೋ, ನಕ್ಷತ್ರದ ಅವಶೇಷವನ್ನೋ ಸುತ್ತುವ, 1ರ ಮುಂದೆ 23 ಸೊನ್ನೆಯಷ್ಟು ಕಿಲೊಗ್ರಾಂಗಿಂತ ಹೆಚ್ಚು, ಗುರುವಿನ 13 ಪಟ್ಟಿಗಿಂತ ಕಡಿಮೆ ತೂಗುವ ಕಾಯ ಗ್ರಹ. ಬುಧ ಈ ಗೆರೆಯ ಮೂರು ಪಟ್ಟು ಮೇಲಿದೆ. ಪ್ಲೂಟೊ, ಏರಿಸ್ ಎರಡೂ ಅದರ ಐದನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಒಕ್ಕೂಟ ತನ್ನ ನಿರ್ಣಯಕ್ಕೆ ಸೇರಿಸಬೇಕಾದದ್ದು ಈ ಅಂಕಿಯನ್ನು.