ಆಪ್ಷನ್ ಮುಚ್ಚಿಟ್ಟು ಓದಿ (ಎಫ್‌ಎಂಜಿಇ ಸರಣಿ, ಭಾಗ 4)

ಎಫ್‌ಎಂಜಿಇಗೆ ಓದ್ತಿರೋ ಎಲ್ಲರಿಗೂ, ಅದ್ರಲ್ಲೂ ಸ್ಟೋರಿಲಿ "ಇವತ್ತು 400 ಎಂಸಿಕ್ಯೂ ಡನ್ 🔥" ಅಂತ ಹಾಕೋರಿಗೆ ಈ ಪೋಸ್ಟ್. ಬೇಜಾರಾದ್ರೆ ಆಗಲಿ. ಪ್ರಶ್ನೆ ಕೆಳಗೇ ಉತ್ತರ ದಪ್ಪಕ್ಷರದಲ್ಲಿರೋ ರೀಕಾಲ್ ಪಿಡಿಎಫ್ ಇಟ್ಕೊಂಡು "ಹೌದು, ಇದು ಗೊತ್ತಿತ್ತು" ಅಂತ ತಲೆ ಆಡಿಸೋದು ಪ್ರಾಕ್ಟೀಸ್ ಅಲ್ಲ.

ನಾನೂ ಅದನ್ನೇ ಮಾಡಿದ್ದೆ. ಹೋದ ಸಲ 144. ಪಾಸಾಗೋಕೆ 300ಕ್ಕೆ 150 ಬೇಕು. ಅಪ್ಪ ಫೋನಲ್ಲಿ "ಪರವಾಗಿಲ್ಲ ಬಿಡು, ಮುಂದಿನ ಸಲ ನೋಡೋಣ" ಅಂದ್ರು. ಅಮ್ಮ ಫೋನ್ ಇಸ್ಕೊಳ್ಳಲೇ ಇಲ್ಲ. ಆ ಆರು ಮಾರ್ಕ್ಸ್ ಎಲ್ಲಿ ಹೋಯ್ತು ಅಂತ ನಂಗೆ ಗೊತ್ತು. ಉದ್ದುದ್ದ ಕೇಸ್ ಪ್ರಶ್ನೆಗಳಲ್ಲಿ.

➡️

ಮಂಗನ ಕಾಯಿಲೆ ಹರಡೋದು ಯಾವುದು? ನಿದ್ದೇಲಿ ಎಬ್ಬಿಸಿ ಕೇಳಿದ್ರೂ "ಹೀಮಾಫೈಸಾಲಿಸ್ ಉಣ್ಣೆ" ಅಂತೀರಿ. 1957, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡು, ಅದೂ ಬಾಯಿಪಾಠ. ಈಗ ಕೇಸ್ ನೋಡಿ. ಫೆಬ್ರವರಿ ತಿಂಗಳು. ಸಾಗರದ ಕಡೆಯ 38 ವರ್ಷದ ಮಹಿಳೆ. ಐದು ದಿನದಿಂದ ಜೋರು ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪು. ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಕಮ್ಮಿ. ದರಗು ತರೋಕೆ ದಿನಾ ಕಾಡಿಗೆ ಹೋಗ್ತಾರೆ.

ನಮ್ಮ ಗ್ರೂಪಲ್ಲಿ ಇದನ್ನ ಹಾಕಿದೆ. ಹತ್ತು ಜನ ಡೆಂಗಿ ಅಂದ್ರು! ಪ್ಲೇಟ್‌ಲೆಟ್ ಕಂಡ ತಕ್ಷಣ ಕೈ ಅಲ್ಲಿಗೇ ಹೋಯ್ತು. ಫೆಬ್ರವರಿ, ದರಗು, ಕಾಡು ಯಾರ ಕಣ್ಣಿಗೂ ಬೀಳಲಿಲ್ಲ. ಉಣ್ಣೆ ಹೆಸರು ಮಾತ್ರ ಎಲ್ಲರಿಗೂ ಗೊತ್ತಿತ್ತು.

➡️

"ರಿಪೀಟ್ ಬರ್ತವೆ ಮಗಾ, ಇದಕ್ಕೆಲ್ಲ ಟೈಮ್ ಎಲ್ಲಿದೆ?"

ಬರ್ತವೆ, ಇಲ್ಲ ಅನ್ನಲ್ಲ. ಒನ್ ಲೈನರ್ ಓದಿ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಗೊತ್ತಿಲ್ಲದ್ದಕ್ಕೂ ಏನಾದ್ರೂ ಒಂದು ಒತ್ತಿ ಬನ್ನಿ. ಆದ್ರೆ ಟೈಮ್ ಇಲ್ಲ ಅನ್ನೋದೇ ನನ್ನ ವಾದ ಕೂಡ. 150 ಪ್ರಶ್ನೆಗೆ 150 ನಿಮಿಷ. ಆರು ಸಾಲಿನ ಕೇಸನ್ನ ಒಂದು ನಿಮಿಷದಲ್ಲಿ ಓದಿ ತೀರ್ಮಾನ ಮಾಡೋದು ಮನೇಲಿ ರೂಢಿ ಆಗದೆ ಹಾಲ್‌ನಲ್ಲಿ ಬರಲ್ಲ.

ನಾನೀಗ ದಿನಕ್ಕೆ ನಲವತ್ತೇ ಮಾಡೋದು. ಆಪ್ಷನ್ ಮೇಲೆ ಹಾಳೆ ಇಡ್ತೀನಿ. ಮೊದಲು ಕೊನೇ ಸಾಲು: ಕೇಳ್ತಿರೋದು ರೋಗನಾ, ಮುಂದಿನ ಟೆಸ್ಟಾ, ಮೊದಲ ಚಿಕಿತ್ಸೆನಾ? ಆಮೇಲೆ ಕೇಸ್ ಓದಿ, ಉತ್ತರ ಬರೆದು, ಹಾಳೆ ತೆಗೀತೀನಿ. ತಪ್ಪಾದ್ರೆ ಯಾವ ಪದ ಬಿಟ್ಟೆ ಅನ್ನೋದು ಮಾತ್ರ ನೋಟ್‌ಬುಕ್‌ಗೆ. ಸ್ಟೋರಿಗೆ ಹಾಕೋ ಅಂಥ ಸ್ಕೋರ್ ಬರ್ತಿಲ್ಲ 😅

➡️

ಇನ್ನೊಂದು ವಿಷಯ. ನಾಳೆ ಇಂಟರ್ನ್‌ಶಿಪ್‌ನಲ್ಲಿ ಕ್ಯಾಜುವಾಲ್ಟಿಗೆ ಬರೋರು "ಪಿನ್‌ಪಾಯಿಂಟ್ ಪ್ಯೂಪಿಲ್" ಅನ್ನಲ್ಲ. "ಬೆಳಗ್ಗೆಯಿಂದ ಎಣ್ಣೆ ಹೊಡೀತಿದ್ರು, ಈಗ ಜೊಲ್ಲು ಸುರೀತಿದೆ, ಸಿಕ್ಕಾಪಟ್ಟೆ ಬೆವರು" ಅಂತಾರೆ ರೈತನ ಹೆಂಡತಿ. ಅದು ಹೊಲಕ್ಕೆ ಹೊಡೆಯೋ ಎಣ್ಣೆ. ನೀವು ಕುಡಿಯೋ ಎಣ್ಣೆ ಅಂತ ಬರ್ಕೊಂಡ್ರೆ ಆ ಮನುಷ್ಯ ಹೋದ. ಅಟ್ರೋಪಿನ್ ಎಲ್ಲಿವರೆಗೆ ಕೊಡ್ತೀರಿ? ಪಾಪೆ ಅಗಲ ಆಗೋವರೆಗೆ ಅಲ್ಲ, ಎದೆಯ ಗೊರಗೊರ ಒಣಗೋವರೆಗೆ. ಅಲ್ಲಿ ಎ, ಬಿ, ಸಿ, ಡಿ ಯಾರೂ ತೋರಿಸಲ್ಲ.

ಇವತ್ತಿನ ಕೇಸ್: 12 ವರ್ಷದ ಹುಡುಗ, ರಾತ್ರಿ ಗುಡಿಸಲಲ್ಲಿ ನೆಲದ ಮೇಲೆ ಮಲಗಿದ್ದ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಈಗ ರೆಪ್ಪೆ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ. ಮೈಮೇಲೆ ಗಾಯ ಕಾಣ್ತಿಲ್ಲ, ಊತ ಇಲ್ಲ. ಮೊದಲು ಏನು ಮಾಡ್ತೀರಿ?

ಆಪ್ಷನ್ ಕೊಡಲ್ಲ.