ಗಾಜಿನೊಳಗಿನ ಜುಮುಕಿಗೆ ತೂಕವೆಷ್ಟು?



ಪಾಳಿ ಬಿಟ್ಟು ಬಸ್ಸು ಹತ್ತುವ ನಮ್ಮ ಹೆಣ್ಣುಮಕ್ಕಳ ಕೈಯ ಫೋನು ಈಗ ಕನ್ನಡಿಯೂ ಆಗಿದೆ. ಕ್ಯಾಮೆರಾ ಕಿವಿ ಎಲ್ಲಿ, ಕೊರಳೆಲ್ಲಿ ಎಂದು ಗುರುತು ಹಿಡಿಯುತ್ತದೆ. ಮರುಗಳಿಗೆಯಲ್ಲಿ ಅಲ್ಲೊಂದು ಜುಮುಕಿ ತೂಗಾಡುತ್ತದೆ. ಇದಕ್ಕೆ ‘ಆಗ್ಮೆಂಟೆಡ್ ರಿಯಾಲಿಟಿ’ ಎಂದು ಹೆಸರು. ಇದ್ದದ್ದರ ಮೇಲೆ ಇಲ್ಲದ್ದನ್ನು ಕೂಡಿಸಿ ತೋರಿಸುವುದು ಎಂದರ್ಥ. ಕನ್ನಡಕ ಮಾರುವ ಲೆನ್ಸ್‌ಕಾರ್ಟ್, ಒಡವೆ ಮಾರುವ ಕ್ಯಾರಟ್‌ಲೇನ್ ಇದನ್ನು ಬಳಕೆಗೆ ತಂದಿವೆ. 2008ರಲ್ಲಿ ಚೆನ್ನೈಯಲ್ಲಿ ಆರಂಭವಾದ ಕ್ಯಾರಟ್‌ಲೇನ್‌ನ ಬಹುಪಾಲನ್ನು 2016ರಲ್ಲಿ ಕೊಂಡದ್ದು ಹೊಸೂರಿನಲ್ಲಿ ಕಾರ್ಖಾನೆಯಿರುವ ಟೈಟನ್. (ಹೊಸೂರು 2004ರವರೆಗೆ ಧರ್ಮಪುರಿ ಜಿಲ್ಲೆಯದೇ.) ಇದು ದೂರದ ಊರಿನ ಸುದ್ದಿಯಲ್ಲ.

ಸೇಲಂನ ಸೀರೆ ಅಂಗಡಿಯವನೂ ಸೆರಗನ್ನು ಹೆಗಲಿಗೆ ಹಾಕಿ ಕನ್ನಡಿ ತೋರಿಸುತ್ತಿರಲಿಲ್ಲವೆ ಎಂದು ವಾದಿಸುವವರಿದ್ದಾರೆ. ತೋರಿಸುತ್ತಿದ್ದ, ಅವನೂ ಸಾಧುವೇನಲ್ಲ. ಆದರೆ ಅಲ್ಲಿ ನಮ್ಮ ಬೆರಳು ನೂಲನ್ನು ಮುಟ್ಟುತ್ತಿತ್ತು, ನೇಯ್ಗೆ ಬಿಗಿಯೋ ಸಡಿಲವೋ ತಿಳಿಯುತ್ತಿತ್ತು, ಜೊತೆಗೆ ಬಂದ ಅತ್ತಿಗೆ “ಬೇಡ, ಏಳು” ಎನ್ನುತ್ತಿದ್ದಳು. ಫೋನಿನಲ್ಲಿ ಬೆರಳಿಗೆ ಸಿಗುವುದು ಗಾಜು ಮಾತ್ರ, ಅತ್ತಿಗೆಯೂ ಇಲ್ಲ. ಸೇಲಂನಲ್ಲಿ ಮನೆಯಲ್ಲೇ ಕುಳಿತು ಬೆಳ್ಳಿ ಕಾಲ್ಗೆಜ್ಜೆ ಮಾಡುವವರನ್ನು ಕೇಳಿ ನೋಡಿ. ಗೆಜ್ಜೆಯ ಬೆಲೆಯಿರುವುದು ತೂಕದಲ್ಲಿ, ಬೆಳ್ಳಿಯ ಶುದ್ಧತೆಯಲ್ಲಿ, ಬೆಸುಗೆಯಲ್ಲಿ. ಇವುಗಳಲ್ಲಿ ಯಾವುದನ್ನು ಆ ಮಾಯಾಕನ್ನಡಿ ತೋರಿಸಬಲ್ಲದು? ಮಾಡಿದವರ ಕೈಯನ್ನಂತೂ ಅದು ತೋರಿಸುವುದೇ ಇಲ್ಲ.

ಈ ತಂತ್ರದ ಬಲವೆಲ್ಲಿದೆ? ಕಾಹ್ನೆಮನ್, ಥೇಲರ್ ಮೊದಲಾದ ಪಂಡಿತರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಕಾಫಿ ಲೋಟ ಕೊಟ್ಟಿದ್ದರು. ಅದನ್ನು ಮಾರಲು ಅವರು ಕೇಳಿದ ಬೆಲೆ, ಲೋಟ ಸಿಗದವರು ಕೊಡಲು ಒಪ್ಪಿದ್ದಕ್ಕಿಂತ ಸುಮಾರು ಎರಡರಷ್ಟಿತ್ತು. ‘ನನ್ನದು’ ಎನಿಸಿದ್ದನ್ನು ಬಿಡಲು ಮನಸ್ಸು ಬಾರದು. ತನ್ನದೇ ಮುಖದಲ್ಲಿ ಒಡವೆ ಕಂಡ ಹುಡುಗಿಯ ಬೆರಳ ಕೆಳಗೇ ಕಂತಿನ ಗುಂಡಿ ಇಟ್ಟರೆ, ಇನ್ನೂ ದುಡಿಯದ ಓವರ್‌ಟೈಮ್ ಹಣವೂ ಆಗಲೇ ಖರ್ಚಾಯಿತೆಂದು ತಿಳಿಯಿರಿ.

ಕೊಳ್ಳುವವರನ್ನು ದಾರಿ ತಪ್ಪಿಸುವ 13 ಬಗೆಯ ಜಾಲಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿದೆ: ಸುಳ್ಳು ಅವಸರ ಹುಟ್ಟಿಸುವುದು, ಕೇಳದ ಸಾಮಾನನ್ನು ಬುಟ್ಟಿಗೆ ತುರುಕುವುದು, ಕೊನೆಗೆ ಬೆಲೆ ಏರಿಸುವುದು ಇತ್ಯಾದಿ. ಮುಖಕ್ಕೆ ಒಡವೆ ತೊಡಿಸುವುದು ಆ ಪಟ್ಟಿಯಲ್ಲಿಲ್ಲ. ಅದನ್ನು ನಿಷೇಧಿಸಿ ಎಂದು ನಾವೂ ಕೇಳುತ್ತಿಲ್ಲ. ಆ ಚಿತ್ರದ ಪಕ್ಕದಲ್ಲೇ ತೂಕ, ಮಜೂರಿ, ಒಟ್ಟು ಬೆಲೆಗಳನ್ನು ದಪ್ಪಕ್ಷರದಲ್ಲಿ ಹಾಕಲಿ ಎಂಬುದೇ ನಮ್ಮ ಬೇಡಿಕೆ. ಸಂಘಗಳು ಇದನ್ನು ಎತ್ತಬೇಕು.

ಈಗಾಗಲೇ ಕೊಂಡವರಿಗೆ: 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದೊಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಕಡ್ಡಾಯ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ಹೊಂದದಿದ್ದರೆ ರಸೀದಿ ಕೈಯಲ್ಲಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.